ಹೇಗಿದ್ರೂ ಬೀಳೋ ಹಲ್ಲು ಅಂತ ಬಿಡಬಹುದಾ? ಮಕ್ಕಳ ಹಾಲುಹಲ್ಲಿನ ಹುಳುಕಿಗೆ ಯಾವಾಗ ಚಿಕಿತ್ಸೆ, ಯಾವಾಗ ಕಾಯಬಹುದು: ಇಲ್ಲಿದೆ ಪೂರ್ತಿ ಮಾಹಿತಿ

ತುಮಕೂರು: ನಾಲ್ಕು ವರ್ಷದ ಮಗುವಿನ ದವಡೆ ಹಲ್ಲಲ್ಲಿ ಕಪ್ಪು ಗುಳಿ ಕಂಡರೆ ಮನೆಯಲ್ಲಿ ಎರಡು ಮಾತು ಶುರುವಾಗುತ್ತವೆ. 'ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ, ಸುಮ್ನೆ ಯಾಕೆ ದುಡ್ಡು ಸುರೀತೀರಾ' ಅನ್ನೋದು ಅಜ್ಜಿಯ ಮಾತು. 'ಮೂರು ಹಲ್ಲಿಗೆ ಚಿಕಿತ್ಸೆ ಮಾಡಿ ಕ್ಯಾಪ್ ಹಾಕಬೇಕು' ಅನ್ನೋದು ಕ್ಲಿನಿಕ್‌ನಲ್ಲಿ ಹೇಳಿದ ಮಾತು. ಅಂಗಡಿ ಬಾಗಿಲು ಹಾಕಿ, ಬಸ್ ಹತ್ತಿ, ಅಳೋ ಮಗುವನ್ನ ಡಾಕ್ಟರ್ ಕುರ್ಚಿಯಲ್ಲಿ ಕೂರಿಸಬೇಕಾದ ಅಪ್ಪ ಅಮ್ಮ ಈ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯ ಇದೆ. ಎಲ್ಲ ಹುಳುಕಿಗೂ ಡ್ರಿಲ್ ಹಿಡಿಯಬೇಕಿಲ್ಲ. ಹಾಗಂತ 'ಬೀಳೋ ಹಲ್ಲು' ಅಂತ ಕಣ್ಣು ಮುಚ್ಚಿ ಕೂತರೆ ಮಗು ರಾತ್ರಿಯೆಲ್ಲ ನರಳೋ ಪರಿಸ್ಥಿತಿ ಬರಬಹುದು. ಯಾವ ಹಲ್ಲು, ಎಷ್ಟು ಆಳ, ಬೀಳೋಕೆ ಇನ್ನೆಷ್ಟು ವರ್ಷ, ನೋವು ಇದೆಯಾ ಇಲ್ಲವಾ: ಈ ನಾಲ್ಕು ವಿಷಯ ಗೊತ್ತಾದರೆ ತೀರ್ಮಾನ ಸುಲಭ.

ಚುಟುಕಾಗಿ ಹೇಳುವುದಾದರೆ

* ಹಲ್ಲಿನ ಮೇಲೆ ಬರೀ ಬಿಳಿ ಮಚ್ಚೆ ಇದ್ದರೆ: ಡ್ರಿಲ್ ಬೇಡ. ಬ್ರಷ್, ಫ್ಲೋರೈಡ್ ಮತ್ತು ಸಿಹಿಗೆ ಕಡಿವಾಣ ಸಾಕು.
* ಗುಳಿ ಬಿದ್ದಿದೆ, ನೋವಿಲ್ಲ, ಹಲ್ಲು ಬೀಳೋಕೆ ಇನ್ನೂ ವರ್ಷಗಳಿವೆ: ಏನಾದರೊಂದು ಮಾಡಲೇಬೇಕು. ಆದರೆ ಇಂಜೆಕ್ಷನ್, ಡ್ರಿಲ್ ಇಲ್ಲದ ದಾರಿಗಳೂ ಇವೆ.
* ಹಲ್ಲು ಅಲ್ಲಾಡುತ್ತಿದೆ, ಕೆಲವೇ ತಿಂಗಳಲ್ಲಿ ಬೀಳುತ್ತೆ, ನೋವಿಲ್ಲ: ಕಾಯಬಹುದು.
* ರಾತ್ರಿ ನೋವು, ಒಸಡಿನಲ್ಲಿ ಕೀವಿನ ಗುಳ್ಳೆ, ಕೆನ್ನೆ ಊತ: ಯಾವ ವಯಸ್ಸಾದರೂ ಕಾಯುವ ಹಾಗಿಲ್ಲ.

ಯಾವ ಹಲ್ಲು ಯಾವಾಗ ಬೀಳುತ್ತೆ?

ಹಾಲುಹಲ್ಲು ಒಟ್ಟು 20. ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸಿನಲ್ಲಿ ಮೊದಲನೆಯದು ಕಾಣಿಸಿಕೊಂಡು, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಬೀಳುವ ಲೆಕ್ಕ ಹೀಗಿದೆ:

* ಮುಂದಿನ ನಡುವಿನ ಬಾಚಿ ಹಲ್ಲು: 6ರಿಂದ 7 ವರ್ಷ
* ಅದರ ಪಕ್ಕದ ಬಾಚಿ ಹಲ್ಲು: 7ರಿಂದ 8 ವರ್ಷ
* ಮೊದಲ ದವಡೆ ಹಲ್ಲು: 9ರಿಂದ 11 ವರ್ಷ
* ಕೋರೆ ಹಲ್ಲು: 9ರಿಂದ 12 ವರ್ಷ
* ಎರಡನೇ ದವಡೆ ಹಲ್ಲು: 10ರಿಂದ 12 ವರ್ಷ

ಬಹಳ ಜನ ತಪ್ಪು ತಿಳಿಯೋದು ಇಲ್ಲೇ. ಆರು ವರ್ಷಕ್ಕೆ ಮುಂದಿನ ಹಲ್ಲು ಬಿದ್ದಾಗ 'ಹಾಲುಹಲ್ಲು ಬೀಳೋಕೆ ಶುರುವಾಯ್ತು, ಹಿಂದಿನದೂ ಇನ್ನೇನು ಬೀಳುತ್ತೆ' ಅಂದುಕೊಳ್ಳುತ್ತಾರೆ. ಹಾಗಲ್ಲ. ನಾಲ್ಕನೇ ವರ್ಷದಲ್ಲಿ ಹುಳುಕಾದ ಹಿಂದಿನ ದವಡೆ ಹಲ್ಲು ಇನ್ನೂ ಆರೇಳು ವರ್ಷ ಬಾಯಲ್ಲೇ ಇರಬೇಕು. ಮಗು ಆ ಹಲ್ಲಿನಲ್ಲೇ ಮುದ್ದೆ, ಚಪಾತಿ, ಕಡಲೆಕಾಯಿ ಎಲ್ಲ ತಿಂದು ಬೆಳೆಯಬೇಕು.

ಇನ್ನೊಂದು ವಿಷಯ. ಆರನೇ ವರ್ಷದ ಸುಮಾರಿಗೆ ಹಾಲಿನ ದವಡೆ ಹಲ್ಲುಗಳ ಹಿಂದೆ ಹೊಸದೊಂದು ದೊಡ್ಡ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವುದರಿಂದ ಇದನ್ನೂ ಹಾಲುಹಲ್ಲು ಅಂತಲೇ ತಿಳಿದು ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು, ಕೊನೆತನಕ ಬೇಕಾದದ್ದು. ಆರು ವರ್ಷ ದಾಟಿದ ಮಗುವಿನ ಬಾಯಲ್ಲಿ ತೀರಾ ಹಿಂದಿನ ಹಲ್ಲು ಹುಳುಕಾಗಿದ್ದರೆ ಅದು ಹಾಲುಹಲ್ಲೋ ಶಾಶ್ವತ ಹಲ್ಲೋ ಅನ್ನೋದನ್ನ ಮೊದಲು ತೋರಿಸಿ ಖಚಿತ ಮಾಡಿಕೊಳ್ಳಬೇಕು.

ಹುಳುಕು ಅಂದರೆ ಏನು?

ಹೆಸರು ಹುಳುಕು ಅಂತಿದ್ದರೂ ಹಲ್ಲಿನಲ್ಲಿ ಹುಳ ಇರೋದಿಲ್ಲ. ಹಲ್ಲಿನ ಮೇಲೆ ಅಂಟಿಕೊಳ್ಳೋ ಪಾಚಿಯಂಥ ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಸಿಕ್ಕಾಗಲೆಲ್ಲ ಅವು ಆಮ್ಲ ತಯಾರಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮೆಲ್‌ನ ಖನಿಜವನ್ನ ಕರಗಿಸುತ್ತೆ. ಜೊಲ್ಲು ಮತ್ತು ಫ್ಲೋರೈಡ್ ಆ ಖನಿಜವನ್ನ ಮತ್ತೆ ತುಂಬಿಸುತ್ತವೆ. ದಿನವಿಡೀ ನಡೆಯೋ ಈ ಹಗ್ಗಜಗ್ಗಾಟದಲ್ಲಿ ಆಮ್ಲದ ಕೈ ಮೇಲಾದರೆ ಮೊದಲು ಬಿಳಿ ಮಚ್ಚೆ, ಆಮೇಲೆ ಗುಳಿ. ಅದಕ್ಕೇ ಎಷ್ಟು ಸಿಹಿ ತಿಂದರು ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಅನ್ನೋದು ಮುಖ್ಯ.

ಹಾಲುಹಲ್ಲಿನ ಎನಾಮೆಲ್ ದೊಡ್ಡವರ ಹಲ್ಲಿಗಿಂತ ತೆಳು. ಒಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳ ಇರುವ ಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ದೊಡ್ಡವರಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳೋ ಹುಳುಕು ಮಕ್ಕಳಲ್ಲಿ ತಿಂಗಳುಗಳಲ್ಲೇ ತಿರುಳು ಮುಟ್ಟಬಹುದು. 'ಬೇಸಿಗೆ ರಜೆಗೆ ನೋಡೋಣ' ಅಂತ ಮುಂದೂಡಿದ ಸಣ್ಣ ಗುಳಿ ರಜೆ ಬರೋ ಹೊತ್ತಿಗೆ ಬೇರೆಯದೇ ಚಿಕಿತ್ಸೆ ಕೇಳಬಹುದು.

ಬಿಟ್ಟರೆ ಏನಾಗುತ್ತೆ?

ಹುಳುಕಾದ ಪ್ರತಿ ಹಾಲುಹಲ್ಲೂ ನೋವು ಕೊಡೋದಿಲ್ಲ. ಕೆಲವು ತಾವಾಗಿಯೇ ಗಟ್ಟಿಯಾಗಿ ನಿಂತು, ಬೀಳುವವರೆಗೂ ತೊಂದರೆ ಕೊಡದೆ ಹೋಗುತ್ತವೆ. ಆದರೆ ಮುಂದುವರಿದರೆ ಹೀಗೆಲ್ಲ ಆಗಬಹುದು:

* ನೋವು: ಚಿಕ್ಕ ಮಗು 'ಹಲ್ಲು ನೋವು' ಅಂತ ಬಾಯಿಬಿಟ್ಟು ಹೇಳೋದೇ ಕಡಿಮೆ. ಒಂದೇ ಕಡೆ ಅಗಿಯೋದು, ಗಟ್ಟಿ ಪದಾರ್ಥ ಬೇಡ ಅನ್ನೋದು, ಬ್ರಷ್ ತಂದರೆ ರಂಪ ಮಾಡೋದು, ನಿದ್ದೆಯಲ್ಲಿ ಎದ್ದು ಅಳೋದು, ಅನ್ನವನ್ನ ಬಾಯಲ್ಲೇ ಇಟ್ಟುಕೊಂಡು ಕೂರೋದು ಇವೇ ಸೂಚನೆಗಳು.
* ಕೀವು: ತಿರುಳು ಸತ್ತು ಸೋಂಕು ಬೇರಿನ ತುದಿಗೆ ಇಳಿದರೆ ಒಸಡಿನ ಮೇಲೆ ಗುಳ್ಳೆ ಏಳುತ್ತೆ. ಗುಳ್ಳೆ ಒಡೆದಾಗ ನೋವು ಕಡಿಮೆಯಾಗುತ್ತೆ. ಅದನ್ನ ವಾಸಿಯಾಯಿತು ಅಂತ ತಿಳಿಯಬಾರದು. ಸೋಂಕು ಅಲ್ಲೇ ಇರುತ್ತೆ.
* ಹೊಸ ಹಲ್ಲಿಗೆ ಪೆಟ್ಟು: ಹಾಲುಹಲ್ಲಿನ ಬೇರಿನ ಬುಡದಲ್ಲೇ ಶಾಶ್ವತ ಹಲ್ಲು ರೂಪುಗೊಳ್ಳುತ್ತಿರುತ್ತೆ. ಮೇಲಿನ ಕೀವು ಬಹಳ ಕಾಲ ಹಾಗೇ ಇದ್ದರೆ ಕೆಳಗಿನ ಹಲ್ಲಿನ ಎನಾಮೆಲ್ ಕಲೆ ಅಥವಾ ಕುಳಿಯ ಸಮೇತ ಬರಬಹುದು.
* ಜಾಗ ಹೋಗೋದು: ಎರಡನೇ ದವಡೆ ಹಲ್ಲು ಬೇಗ ಹೋದರೆ ಆರನೇ ವರ್ಷದ ಶಾಶ್ವತ ದವಡೆ ಹಲ್ಲು ಮುಂದಕ್ಕೆ ಸರಿದು ಜಾಗ ಆಕ್ರಮಿಸುತ್ತೆ. ಮುಂದೆ ಬರಬೇಕಾದ ಹಲ್ಲು ವಕ್ರವಾಗಿ ಬರುತ್ತೆ, ಇಲ್ಲವೇ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ.

ಮುಂದಿನ ಬಾಚಿ ಹಲ್ಲು ಬೇಗ ಹೋದರೆ ಜಾಗದ ಸಮಸ್ಯೆ ಇಷ್ಟಾಗಿ ಬರೋದಿಲ್ಲ. ಅಲ್ಲಿ ಯೋಚಿಸಬೇಕಾದ್ದು ನೋವು, ಸೋಂಕು, ಮಾತಿನ ಉಚ್ಚಾರ ಮತ್ತು ಮಗುವಿನ ಮುಜುಗರ.

ಕಣ್ಣಿಗೆ ಏನು ಕಾಣುತ್ತೆ, ಏನು ಮಾಡಬೇಕು?

ವಾರಕ್ಕೊಮ್ಮೆ ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡು, ತುಟಿ ಎತ್ತಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಎರಡೇ ನಿಮಿಷದ ಕೆಲಸ.

ಮೊದಲ ಹಂತ, ಬಿಳಿ ಮಚ್ಚೆ: ಒಸಡಿನ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಬಿಳಿ ಗೆರೆ. ಗುಳಿ ಇರೋದಿಲ್ಲ. ಈ ಹಂತದಲ್ಲಿ ಹುಳುಕನ್ನ ಹಿಂದಕ್ಕೆ ತಿರುಗಿಸಬಹುದು. ದಿನಕ್ಕೆರಡು ಸಲ ಫ್ಲೋರೈಡ್ ಪೇಸ್ಟಿನಿಂದ ಬ್ರಷ್ ಮತ್ತು ದಂತವೈದ್ಯರಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಲೇಪನ.

ಎರಡನೇ ಹಂತ, ಕಂದು ಬಣ್ಣದ ಸಣ್ಣ ಗುಳಿ: ನೋವಿಲ್ಲ, ಆಹಾರ ಸಿಕ್ಕಿಕೊಳ್ಳುತ್ತೆ. ಕಡಿಮೆ ಖರ್ಚಿನಲ್ಲಿ, ಮಗುವಿಗೆ ಹೆಚ್ಚು ತ್ರಾಸವಿಲ್ಲದೆ ಮುಗಿಸಬಹುದಾದ ಹಂತ ಇದು. ನೋವಿಲ್ಲ ಅಂತ ಬಹಳ ಜನ ಬಿಡುವುದೂ ಇಲ್ಲೇ.

ಮೂರನೇ ಹಂತ, ದೊಡ್ಡ ಗುಳಿ: ತಣ್ಣನೆಯದು, ಸಿಹಿ ತಿಂದಾಗ ಚುಳ್ ಅಂದು ತಕ್ಷಣ ಹೋಗುತ್ತೆ. ತಿರುಳು ಇನ್ನೂ ಉಳಿಯುವ ಸಾಧ್ಯತೆ ಇದೆ. ತಡ ಮಾಡಬಾರದು.

ನಾಲ್ಕನೇ ಹಂತ, ತಾನಾಗೇ ಬರುವ ನೋವು: ಏನೂ ತಿನ್ನದಿದ್ದರೂ ನೋವು, ರಾತ್ರಿ ಎಚ್ಚರ, ಒಸಡಿನ ಗುಳ್ಳೆ. ತಿರುಳು ಕೆಟ್ಟಿದೆ ಅಂತ ಅರ್ಥ. ಇಲ್ಲಿ ಬರೀ ಫಿಲ್ಲಿಂಗ್‌ನಿಂದ ಉಪಯೋಗವಿಲ್ಲ.

ಕಪ್ಪಾಗಿದೆ ಅಂದ ಮಾತ್ರಕ್ಕೆ ಜೋರಾಗಿದೆ ಅಂತಲ್ಲ. ಕಡು ಕಪ್ಪಾಗಿ, ಹೊಳೆಯುತ್ತಾ, ಗಟ್ಟಿಯಾಗಿರೋ ಹುಳುಕು ಸಾಮಾನ್ಯವಾಗಿ ನಿಂತುಹೋಗಿರುವಂಥದ್ದು. ತಿಳಿ ಕಂದು ಅಥವಾ ಹಳದಿ ಬಣ್ಣದಲ್ಲಿ ಮೆತ್ತಗಿರೋದೇ ಮುಂದುವರಿಯುತ್ತಿರುವಂಥದ್ದು. ಮನೆಯಲ್ಲಿ ಪಿನ್, ಕಡ್ಡಿ ಹಾಕಿ ಪರೀಕ್ಷೆ ಮಾಡಬೇಡಿ. ಅದು ಡಾಕ್ಟರ್ ಕೆಲಸ. ಎರಡು ದವಡೆ ಹಲ್ಲುಗಳ ಸಂದಿಯ ಹುಳುಕು ಕಣ್ಣಿಗೆ ಕಾಣದೆ ಎಕ್ಸ್‌ರೇಯಲ್ಲಿ ಮಾತ್ರ ಕಾಣಬಹುದು. ಒಂದೆರಡು ಹಲ್ಲಿನ ಎಕ್ಸ್‌ರೇಯಲ್ಲಿ ವಿಕಿರಣ ಬಹಳ ಕಡಿಮೆ, ಹೆದರಬೇಕಿಲ್ಲ.

ಇರುವ ಚಿಕಿತ್ಸೆಗಳು

ಕಪ್ಪು ಔಷಧ: ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ದ್ರವವನ್ನ ಗುಳಿಗೆ ಸಣ್ಣ ಬ್ರಷ್‌ನಿಂದ ಹಚ್ಚುತ್ತಾರೆ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಒಂದೆರಡು ನಿಮಿಷದ ಕೆಲಸ. ಬಹಳಷ್ಟು ಹುಳುಕನ್ನ ಇದು ಅಲ್ಲಿಗೇ ನಿಲ್ಲಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ತೊಂದರೆ ಒಂದೇ: ಹುಳುಕಾದ ಜಾಗ ಕಾಯಂ ಆಗಿ ಕಪ್ಪಾಗುತ್ತೆ. ಹಿಂದಿನ ಹಲ್ಲಿಗೆ ಚಿಂತೆಯಿಲ್ಲ, ಮುಂದಿನ ಹಲ್ಲಿಗೆ ಮನೆಯವರು ಯೋಚಿಸಬೇಕು. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತೆ. ಬೆಳ್ಳಿಯ ಅಲರ್ಜಿ ಇರುವವರಿಗೆ, ಕೀವಾದ ಹಲ್ಲಿಗೆ ಇದು ಆಗಿಬರೋದಿಲ್ಲ.

ಸಿಮೆಂಟ್ ಫಿಲ್ಲಿಂಗ್: ಮೆತ್ತಗಾದ ಭಾಗವನ್ನ ಕೈ ಉಪಕರಣದಿಂದ ಕೆರೆದು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುತ್ತಾರೆ. ಕರೆಂಟ್ ಇಲ್ಲದ ಊರಿಗೂ ಹಲ್ಲಿನ ಚಿಕಿತ್ಸೆ ಸಿಗಲಿ ಅಂತ 1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ಬೆಳೆದುಬಂದ ವಿಧಾನ ಇದು. ಸಣ್ಣ ಗುಳಿಗೆ ಚೆನ್ನಾಗಿ ನಿಲ್ಲುತ್ತೆ. ಎರಡು ಹಲ್ಲಿನ ಸಂದಿಗೆ ಹರಡಿದ ದೊಡ್ಡ ಗುಳಿಯಲ್ಲಿ ಬಿದ್ದುಹೋಗೋದು ಹೆಚ್ಚು.

ಸ್ಟೀಲ್ ಕ್ಯಾಪ್: ಹಾಲಿನ ದವಡೆ ಹಲ್ಲಿಗೆ ರೆಡಿಮೇಡ್ ಸ್ಟೀಲ್ ಟೋಪಿ. ಸಂದಿಗೆ ಹರಡಿದ ಹುಳುಕಿಗೆ ಫಿಲ್ಲಿಂಗ್‌ಗಿಂತ ಹೆಚ್ಚು ಬಾಳಿಕೆ. ಹಲ್ಲಿನ ಜೊತೆಗೇ ಬೀಳುತ್ತೆ, ತೆಗೆಸಬೇಕಾಗಿಲ್ಲ. ಸ್ಕಾಟ್ಲೆಂಡ್‌ನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನ 'ಹಾಲ್ ವಿಧಾನ'ದಲ್ಲಿ ಹುಳುಕನ್ನ ಕೆರೆಯದೆ, ಇಂಜೆಕ್ಷನ್ ಕೊಡದೆ, ಅದರ ಮೇಲೇ ಕ್ಯಾಪ್ ಒತ್ತಿ ಕೂರಿಸುತ್ತಾರೆ. ಒಳಗಿನ ಬ್ಯಾಕ್ಟೀರಿಯಾಗೆ ಸಕ್ಕರೆ ಸಿಗದಂತಾಗಿ ಹುಳುಕು ನಿಲ್ಲುತ್ತೆ. ಮೊದಲು ಕೆಲವು ದಿನ ಕಚ್ಚುವಾಗ ಎತ್ತರ ಅನಿಸುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ. ತಿರುಳು ಕೆಟ್ಟ ಹಲ್ಲಿಗೆ ಇದು ನಡೆಯೋದಿಲ್ಲ.

ತಿರುಳಿನ ಚಿಕಿತ್ಸೆ: ತಿರುಳಿನ ಮೇಲಿನ ಭಾಗ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆದು ಔಷಧ ಇಡುತ್ತಾರೆ. ಪೂರ್ತಿ ಕೆಟ್ಟಿದ್ದರೆ ಬೇರಿನ ತನಕ ಸ್ವಚ್ಛ ಮಾಡಿ, ಮುಂದೆ ಬೇರಿನ ಜೊತೆಗೇ ಕರಗಿಹೋಗುವ ಪೇಸ್ಟ್ ತುಂಬುತ್ತಾರೆ. ಜನ 'ಮಕ್ಕಳ ರೂಟ್ ಕೆನಾಲ್' ಅನ್ನೋದು ಇದನ್ನೇ. ಆದಮೇಲೆ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕಾಗುತ್ತೆ.

ಹಲ್ಲು ಕೀಳುವುದು: ಉಳಿಸಲಾಗದಷ್ಟು ಕೆಟ್ಟಿದ್ದರೆ, ಇಲ್ಲವೇ ಬೀಳುವ ಸಮಯ ಹತ್ತಿರವಿದ್ದು ನೋವಿದ್ದರೆ ಇದೇ ಸರಿ. ದವಡೆ ಹಲ್ಲು ಬೇಗ ಕಿತ್ತರೆ ಜಾಗ ಕಾಯೋ ತಂತಿ ಬೇಕಾ ಅಂತ ಆಗಲೇ ಕೇಳಿ.

ಕೆಲವು ಮಕ್ಕಳಿಗೆ ಹತ್ತಾರು ಹಲ್ಲು ಹುಳುಕಾಗಿರುತ್ತೆ, ಕುರ್ಚಿಯಲ್ಲಿ ಕೂರೋದೇ ಇಲ್ಲ. ಅಂಥವರಿಗೆ ಪೂರ್ತಿ ಮಂಪರು ಕೊಟ್ಟು ಒಂದೇ ಸಲ ಎಲ್ಲ ಮುಗಿಸುವ ವಿಧಾನ ಇದೆ. ಅದು ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲೇ ಆಗಬೇಕು.

ಸಂಶೋಧನೆ ಏನು ಹೇಳುತ್ತೆ?

'ಮಾಡಿಸಬೇಕಾ ಬೇಡವಾ' ಅನ್ನೋ ಇದೇ ಪ್ರಶ್ನೆ ಇಟ್ಟುಕೊಂಡು ಬ್ರಿಟನ್‌ನಲ್ಲಿ ದೊಡ್ಡ ಅಧ್ಯಯನವೊಂದು ನಡೆದಿದೆ. ಹಾಲುಹಲ್ಲು ಹುಳುಕಾಗಿದ್ದ 3ರಿಂದ 7 ವರ್ಷದ 1,144 ಮಕ್ಕಳನ್ನ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಡ್ರಿಲ್ ಮಾಡಿ ಫಿಲ್ಲಿಂಗ್, ಇನ್ನೊಂದಕ್ಕೆ ಹುಳುಕನ್ನ ಒಳಗೇ ಮುಚ್ಚುವ ಚಿಕಿತ್ಸೆ, ಮೂರನೆಯದಕ್ಕೆ ಬ್ರಷ್, ಆಹಾರ, ಫ್ಲೋರೈಡ್‌ನಂಥ ಮುಂಜಾಗ್ರತೆ ಮಾತ್ರ. ಮೊದಲೆರಡು ಗುಂಪಿಗೂ ಮುಂಜಾಗ್ರತೆ ಇತ್ತು. ಸರಾಸರಿ ಮೂರು ವರ್ಷದ ಹತ್ತಿರ ಗಮನಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಅಥವಾ ಸೋಂಕು ಬಂದವರ ಪ್ರಮಾಣದಲ್ಲಿ ಮೂರೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಲ್ಲ ಸೇರಿಸಿದರೆ ನೂರಕ್ಕೆ ಸುಮಾರು 43 ಮಕ್ಕಳಿಗೆ ಒಂದಲ್ಲ ಒಂದು ಸಲ ನೋವೋ ಸೋಂಕೋ ಬಂದಿತ್ತು.

ಇದನ್ನ 'ಚಿಕಿತ್ಸೆ ದಂಡ' ಅಂತ ಓದಬಾರದು. ಮೂರನೇ ಗುಂಪಿನವರನ್ನೂ ದಂತವೈದ್ಯರು ಆಗಾಗ ನೋಡುತ್ತಲೇ ಇದ್ದರು, ನೋವು ಬಂದಾಗ ಚಿಕಿತ್ಸೆಯನ್ನೂ ಕೊಟ್ಟರು. ಅಂದರೆ ಹೋಲಿಕೆ ಆಗಿದ್ದು ಮೂರು ಬಗೆಯ ಆರೈಕೆಗಳ ನಡುವೆ, ಆರೈಕೆ ಮತ್ತು ನಿರ್ಲಕ್ಷ್ಯದ ನಡುವೆ ಅಲ್ಲ. ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಗುಳಿ ಬಿದ್ದ ಮೇಲೆ ಯಾವ ದಾರಿ ಹಿಡಿದರೂ ತೊಂದರೆ ಪೂರ್ತಿ ತಪ್ಪುವ ಖಾತ್ರಿ ಇಲ್ಲ, ಹಾಗಾಗಿ ಗುಳಿ ಬೀಳದ ಹಾಗೆ ನೋಡಿಕೊಳ್ಳೋದೇ ಲೇಸು. ಎರಡು, ನೋವಿಲ್ಲದ ಹುಳುಕಿಗೆ ಮಗುವನ್ನ ಹಿಡಿದು ಒತ್ತಿ ಡ್ರಿಲ್ ಮಾಡಿಸಲೇಬೇಕು ಅಂತ ಇಲ್ಲ, ಸರಳ ದಾರಿ ಇದೆಯಾ ಅಂತ ಕೇಳುವ ಹಕ್ಕು ಅಪ್ಪ ಅಮ್ಮನಿಗೆ ಇದೆ.

ಆದರೆ 'ಕಾಯೋಣ' ಅನ್ನೋ ತೀರ್ಮಾನಕ್ಕೆ ಮೂರು ತಿಂಗಳಿಗೊಮ್ಮೆ ತೋರಿಸೋಕೆ ಆಗುತ್ತಾ, ದಿನಾ ಎರಡು ಹೊತ್ತು ಬ್ರಷ್ ಮಾಡಿಸೋಕೆ ಆಗುತ್ತಾ ಅನ್ನೋದು ಮುಖ್ಯ. ಆಗೋದಿಲ್ಲ ಅಂದರೆ, ಒಂದೇ ಸಲಕ್ಕೆ ಮುಗಿಯೋ ಕ್ಯಾಪ್‌ನಂಥ ಚಿಕಿತ್ಸೆಯೇ ದೂರದ ಹಳ್ಳಿಯವರಿಗೆ ಅನುಕೂಲ.

ಎರಡು ಉದಾಹರಣೆ

ಒಂದು: ನಾಲ್ಕು ವರ್ಷದ ಮಗು. ಕೆಳಗಿನ ಎರಡನೇ ದವಡೆ ಹಲ್ಲಲ್ಲಿ ಗುಳಿ, ನೋವಿಲ್ಲ. ಹಲ್ಲು ಬೀಳೋಕೆ ಇನ್ನೂ ಆರು ವರ್ಷಕ್ಕಿಂತ ಹೆಚ್ಚು. ಆರನೇ ವರ್ಷದ ಶಾಶ್ವತ ಹಲ್ಲು ಇನ್ನೂ ಬಂದಿಲ್ಲ, ಅದಕ್ಕೆ ದಾರಿ ತೋರಿಸಬೇಕಾದ ಹಲ್ಲೇ ಇದು. ಇಲ್ಲಿ ಬಿಡುವುದು ದುಬಾರಿ. ಕಪ್ಪು ಔಷಧ, ಸಿಮೆಂಟ್ ಅಥವಾ ಕ್ಯಾಪ್ ಯಾವುದಾದರೊಂದು ಈಗಲೇ ಆಗಬೇಕು.

ಇನ್ನೊಂದು: ಹತ್ತು ವರ್ಷದ ಹುಡುಗಿ. ಮೇಲಿನ ಮೊದಲ ದವಡೆ ಹಾಲುಹಲ್ಲು ಅರ್ಧ ಕರಗಿದೆ, ಅಲ್ಲಾಡುತ್ತಿದೆ, ನೋವಿಲ್ಲ. ಇದಕ್ಕೆ ತಿರುಳಿನ ಚಿಕಿತ್ಸೆ, ಕ್ಯಾಪ್ ಅಂತ ದುಡ್ಡು ಹಾಕುವುದರಲ್ಲಿ ಅರ್ಥ ಕಡಿಮೆ. ಸ್ವಚ್ಛವಾಗಿಟ್ಟುಕೊಂಡು ಬೀಳಲು ಬಿಡಬಹುದು. ಅದೇ ದುಡ್ಡನ್ನ ಅವಳ ಶಾಶ್ವತ ದವಡೆ ಹಲ್ಲುಗಳ ತಪಾಸಣೆಗೆ ಬಳಸಿದರೆ ಲಾಭ ಹೆಚ್ಚು.

ಹೃದಯದಲ್ಲಿ ರಂಧ್ರ ಅಥವಾ ಕವಾಟದ ತೊಂದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಈ ಲೆಕ್ಕ ಬೇರೆ. ಹಲ್ಲಿನ ಸಣ್ಣ ಸೋಂಕೂ ಅವರಿಗೆ ದೊಡ್ಡ ಅಪಾಯ ತರಬಹುದು. ಮಕ್ಕಳ ವೈದ್ಯರು, ದಂತವೈದ್ಯರು ಇಬ್ಬರಿಗೂ ವಿಷಯ ತಿಳಿಸಿ.

ಡಾಕ್ಟರ್ ಹತ್ತಿರ ಕೇಳಬೇಕಾದ ಪ್ರಶ್ನೆಗಳು

* ಇದು ಹಾಲುಹಲ್ಲಾ, ಶಾಶ್ವತ ಹಲ್ಲಾ? ಬೀಳೋಕೆ ಸುಮಾರು ಎಷ್ಟು ವರ್ಷ?
* ಹುಳುಕು ತಿರುಳಿಗೆ ಹೋಗಿದೆಯಾ? ಎಕ್ಸ್‌ರೇಯಲ್ಲಿ ತೋರಿಸ್ತೀರಾ?
* ಡ್ರಿಲ್ ಇಲ್ಲದ ಚಿಕಿತ್ಸೆ ಈ ಹಲ್ಲಿಗೆ ಆಗುತ್ತಾ? ಆಗದಿದ್ದರೆ ಯಾಕೆ?
* ಮೂರು ತಿಂಗಳು ಕಾದರೆ ಏನಾಗಬಹುದು?
* ಒಟ್ಟು ಖರ್ಚೆಷ್ಟು, ಎಷ್ಟು ಸಲ ಬರಬೇಕು? ಫಿಲ್ಲಿಂಗ್ ಬಿದ್ದರೆ ಮತ್ತೆ ಹಣ ಕೊಡಬೇಕಾ?

ಹಲವು ಹಲ್ಲಿಗೆ ಒಟ್ಟಿಗೆ ದೊಡ್ಡ ಮೊತ್ತ ಹೇಳಿದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳೋದು ತಪ್ಪಲ್ಲ. ಕೀವು, ಊತ ಇದ್ದಾಗ ಮಾತ್ರ ಅದಕ್ಕಾಗಿ ದಿನ ಕಳೆಯಬೇಡಿ.

ಎಲ್ಲಿ ತೋರಿಸೋದು?

ಅಂಗನವಾಡಿ ಮತ್ತು ಸರ್ಕಾರಿ ಶಾಲೆ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ತಪಾಸಣೆ ಮಾಡುತ್ತೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಅನ್ನೋದು ನಿಯಮ. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ. ತಂಡ ಬರೆದುಕೊಟ್ಟ ಚೀಟಿಯನ್ನ ಪುಸ್ತಕದ ಮಧ್ಯೆ ಮರೆಯದೆ, ತಾಲ್ಲೂಕು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ದಂತ ವಿಭಾಗದಲ್ಲಿ ವಿಚಾರಿಸಿ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗ ಇರುತ್ತೆ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತ ಕಾಲೇಜು ಇದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಕಾಲೇಜುಗಳಲ್ಲಿ ಸಮಯ ಹೆಚ್ಚು ಹಿಡಿಯುತ್ತೆ, ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು.

ಪಾವಗಡ, ಶಿರಾ, ಮಧುಗಿರಿ ಕಡೆಯವರು ಗಮನಿಸಿ

ಈ ಭಾಗದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿಲ್ಲದಿದ್ದರೆ 1.5ರ ತನಕ ಅನ್ನೋದು ಭಾರತೀಯ ಮಾನಕ. ಎಂಟು ವರ್ಷದೊಳಗಿನ ಮಕ್ಕಳು ಅತಿಯಾದ ಫ್ಲೋರೈಡ್ ನೀರು ಕುಡಿದರೆ ಮುಂದೆ ಬರುವ ಶಾಶ್ವತ ಹಲ್ಲಿನಲ್ಲಿ ಬಿಳಿ, ಕಂದು ಕಲೆ ಬರುತ್ತೆ. ಅದು ಹುಳುಕಲ್ಲ. ಹಾಗಂತ ಫ್ಲೋರೈಡ್ ಊರಿನ ಮಕ್ಕಳಿಗೆ ಹುಳುಕು ಬರೋದೇ ಇಲ್ಲ ಅಂತಲೂ ಇಲ್ಲ. ಎರಡರ ವ್ಯತ್ಯಾಸ ವೈದ್ಯರೇ ಹೇಳಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರನ್ನೇ ಕೊಡಿ. ಯಾವ ಪೇಸ್ಟ್, ಎಷ್ಟು ಅನ್ನೋದನ್ನ ಊರಿನ ನೀರಿನ ವಿಷಯ ಹೇಳಿಯೇ ದಂತವೈದ್ಯರಲ್ಲಿ ಕೇಳಿ.

ಇವನ್ನ ಮಾಡಬೇಡಿ

* ಹೊಗೆ ಹಾಕಿ ಹಲ್ಲಿನ ಹುಳ ತೆಗೀತೀವಿ ಅನ್ನೋರ ಹತ್ತಿರ ಮಗುವನ್ನ ಕರೆದೊಯ್ಯಬೇಡಿ. ಇಲ್ಲದ ಹುಳ ಬೀಳೋದು ಕೈಚಳಕದಿಂದ.
* ನೋವಿನ ಮಾತ್ರೆಯನ್ನ ಪುಡಿ ಮಾಡಿ ಹಲ್ಲಿನ ಪಕ್ಕ ಇಡಬೇಡಿ, ಒಸಡು ಸುಡುತ್ತೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.
* ಲವಂಗದ ಎಣ್ಣೆ ಚಿಕ್ಕ ಮಕ್ಕಳ ಬಾಯಿಗೆ ಸುರಿಯಬೇಡಿ. ಒಸಡು ಸುಡುತ್ತೆ, ಹೊಟ್ಟೆಗೆ ಹೋದರೆ ಅಪಾಯ.
* ನಶ್ಯ, ಹೊಗೆಸೊಪ್ಪು ಒತ್ತುವುದು ಬೇಡವೇ ಬೇಡ.
* ಹಿಂದಿನ ಸಲ ಬರೆದುಕೊಟ್ಟ ಆಂಟಿಬಯೋಟಿಕ್ ಸಿರಪ್ಪನ್ನ ಮೆಡಿಕಲ್ ಸ್ಟೋರ್‌ನಿಂದ ಮತ್ತೆ ತಂದು ಕುಡಿಸಬೇಡಿ. ಊತ ಇಳಿದರೂ ಸೋಂಕಿನ ಮೂಲ ಹಲ್ಲಿನಲ್ಲೇ ಉಳಿಯುತ್ತೆ.

ಆಸ್ಪತ್ರೆಗೆ ಹೋಗುವ ತನಕ ಉಗುರುಬೆಚ್ಚನೆ ನೀರಲ್ಲಿ ಬಾಯಿ ಮುಕ್ಕಳಿಸಿ, ಸಿಕ್ಕಿಕೊಂಡ ಆಹಾರ ತೆಗೆಯಿರಿ. ಮಗುವಿನ ತೂಕಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಬಹುದು.

ಮನೆಯಲ್ಲಿ, ಅಂಗಡಿಯಲ್ಲಿ

* ಮೊದಲ ಹಲ್ಲು ಬಂದ ದಿನದಿಂದಲೇ ಬ್ರಷ್. ಮೂರು ವರ್ಷದ ತನಕ ಅಕ್ಕಿಕಾಳಿನಷ್ಟು, ಮೂರರಿಂದ ಆರರ ತನಕ ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಉಗಿದರೆ ಸಾಕು, ಜಾಸ್ತಿ ನೀರು ಹಾಕಿ ತೊಳೆಯಬೇಕಿಲ್ಲ.
* ರಾತ್ರಿ ಬ್ರಷ್ ಆದಮೇಲೆ ನೀರು ಬಿಟ್ಟು ಬೇರೇನೂ ಬೇಡ. ಬಾಯಲ್ಲಿ ಹಾಲಿನ ಬಾಟಲಿ ಇಟ್ಟುಕೊಂಡು ಮಲಗುವ ಅಭ್ಯಾಸವೇ ಮೇಲಿನ ಮುಂದಿನ ಹಲ್ಲು ಕರಗೋಕೆ ದೊಡ್ಡ ಕಾರಣ.
* ಟೀಗೆ ಅದ್ದಿದ ಬಿಸ್ಕತ್ತು, ರಸ್ಕು ಹಲ್ಲಿಗೆ ಅಂಟಿ ಕೂರುತ್ತೆ. ಸಿಹಿ ಕೊಡುವುದಾದರೆ ಊಟದ ಜೊತೆಗೇ ಒಮ್ಮೆ ಕೊಡಿ. ಜಾತ್ರೆಯ ಬೆಂಡು ಬತ್ತಾಸು ಒಂದು ದಿನ ತಿಂದರೆ ಹಲ್ಲು ಹಾಳಾಗೋದಿಲ್ಲ, ಡಬ್ಬಿಯಲ್ಲಿಟ್ಟು ತಿಂಗಳೆಲ್ಲ ಬಾಯಾಡಿಸಿದರೆ ಆಗುತ್ತೆ.
* ಅಪ್ಪ ಅಮ್ಮನ ಜೊತೆ ಅಂಗಡಿಯಲ್ಲೇ ಬೆಳೆಯುವ ಮಕ್ಕಳಿಗೆ ಚಾಕೊಲೇಟ್ ಡಬ್ಬಿ ಕೈಗೆಟುಕುವಲ್ಲೇ ಇರುತ್ತೆ. ಗಿರಾಕಿ ಜಾಸ್ತಿ ಇದ್ದಾಗ ಮಗು ಸುಮ್ಮನಿರಲಿ ಅಂತ ಕೊಟ್ಟ ಒಂದೊಂದು ಚಾಕೊಲೇಟೂ ಲೆಕ್ಕಕ್ಕೆ ಬರುತ್ತೆ. ಡಬ್ಬಿಯನ್ನ ಮೇಲಿನ ಅರೆಗೆ ಸರಿಸಿ, ಕಡಲೆಕಾಯಿ, ಪುರಿ, ಹಣ್ಣು ಕೆಳಗಿಡಿ. ಚಿಲ್ಲರೆ ಇಲ್ಲದಾಗ ಬೇರೆ ಮಕ್ಕಳ ಕೈಗೆ ಚಾಕೊಲೇಟ್ ಕೊಡುವ ಮುಂಚೆಯೂ ಒಮ್ಮೆ ಯೋಚಿಸಬಹುದು.
* ಮಕ್ಕಳ ಟೂತ್‌ಪೇಸ್ಟ್ ಎಲ್ಲದರಲ್ಲೂ ಫ್ಲೋರೈಡ್ ಇರೋದಿಲ್ಲ. ಟ್ಯೂಬಿನ ಮೇಲೆ ಪಿಪಿಎಂ ಅಂತ ಬರೆದಿರುವ ಅಂಕಿ ನೋಡಿ ತರಿಸಿ, ನೋಡಿ ಕೊಳ್ಳಿ. ನಮ್ಮ ದೇಶದಲ್ಲಿ ಇದರ ಗರಿಷ್ಠ ಮಿತಿ 1,000.
* ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ನೋವಿಲ್ಲದಾಗ ಹೋದ ಮಗು ಮುಂದೆ ಕುರ್ಚಿಗೆ ಹೆದರೋದು ಕಡಿಮೆ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಕೆನ್ನೆ ಅಥವಾ ದವಡೆ ಕೆಳಗೆ ಊತ, ಊತದ ಜೊತೆ ಜ್ವರ, ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಳ್ಳೋದು, ಬಾಯಿ ತೆರೆಯಲಾಗದಿರೋದು, ಜೊಲ್ಲು ನುಂಗಲಾಗದಿರೋದು, ಉಸಿರಾಟಕ್ಕೆ ಕಷ್ಟ, ಮಗು ತೀರಾ ಮಂಕಾಗೋದು. ಇವುಗಳಲ್ಲಿ ಯಾವುದೇ ಕಂಡರೂ ದಂತ ಕ್ಲಿನಿಕ್ ಬಾಗಿಲು ತೆರೆಯಲಿ ಅಂತ ಬೆಳಗಿನ ತನಕ ಕಾಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.